ನೀಲಿ ಮುಚ್ಚಳದ ಡಬ್ಬ

ಫೆಬ್ರವರಿ ೫, ಭಾನುವಾರ

ಈ ಡೈರಿ ನನ್ನದಲ್ಲ. ಬೀಗದ ಕಂಪನಿಯವರು ಪ್ರತಿ ವರ್ಷ ನನ್ನ ಅಂಗಡಿಗೆ ಒಂದು ಡೈರಿ ಕೊಡುತ್ತಾರೆ, ಪ್ರತಿ ವರ್ಷ ನಾನದನ್ನು ಮನೆಗೆ ತಂದು ಹೆಂಡತಿಯ ಕೈಗೆ ಕೊಡುತ್ತೇನೆ. ಬೀಗ ರಿಪೇರಿ ಮಾಡುವವನಿಗೆ ಬರೆದಿಡುವಂಥದ್ದು ಏನಿರುತ್ತದೆ? ಅವಳಿಗಿತ್ತು. ಈ ವರ್ಷ ಅವಳು ಬರೆದದ್ದು ಎರಡೇ ಕಡೆ. ಜನವರಿ ಒಂದರ ಪುಟದಲ್ಲಿ, “ಐದೂ ತೆಗೆದೆ. ಹಸಿರಿಗೆ ನೀರು ಹಾಕಿದೆ.” ಎಂಟರ ಪುಟದಲ್ಲಿ, “ನೀಲಿ ಮಾತ್ರ.” ಆಮೇಲೆ ಖಾಲಿ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಹೋಗಿಬಿಟ್ಟಳು.

ಐದು ಎಂದರೆ ಐದು ಪ್ಲಾಸ್ಟಿಕ್ ಡಬ್ಬ. ಅಡುಗೆಮನೆಯಲ್ಲಿ ಹಿಟ್ಟು, ಸಕ್ಕರೆ ಹಾಕಿಡುತ್ತಾರಲ್ಲ, ನಾಲ್ಕೂ ಕಡೆ ಟಕ್ಕೆಂದು ಕಚ್ಚಿಕೊಳ್ಳುವ ಮುಚ್ಚಳದವು, ಅಂಥವು. ಒಳಗಿರುವುದು ಸಿಗಾರು. ಇಪ್ಪತ್ತಾರು ವರ್ಷ ಸಿಗಾರ್ ಕಾರ್ಖಾನೆಯಲ್ಲಿ ಕೂತು ಎಲೆ ಆರಿಸಿದವಳು ಅವಳು. ಆರು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿದ ದಿನ, ಸೊಟ್ಟಗಿವೆ ಎಂದು ಪಕ್ಕಕ್ಕಿಟ್ಟಿದ್ದ ನೂರನಲವತ್ತು ಸಿಗಾರುಗಳನ್ನು ಎರಡು ದಿಂಬಿನ ಕವರಿನಲ್ಲಿ ತುಂಬಿಕೊಂಡು ಬಂದಳು. ಶ್ರೀಮಂತರು ಮರದ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. “ಮರ ತಾನೇ ನೀರು ಕುಡಿದುಬಿಡುತ್ತೆ ರೀ, ಪ್ಲಾಸ್ಟಿಕ್ಕಿಗೆ ಆ ಚಟ ಇಲ್ಲ” ಎಂದು ಇವಳು ಡಬ್ಬ ತಂದಳು. ಅಡುಗೆ ಸೋಡಾ ಹಾಕಿ ತೊಳೆದಳು, ಪ್ಲಾಸ್ಟಿಕ್ಕಿನ ವಾಸನೆ ಹೋಗಲೆಂದು ಒಂದು ವಾರ ಕಿಟಕಿಯಲ್ಲಿ ಬಾಯಿ ತೆರೆದಿಟ್ಟಳು. ತಳಕ್ಕೆ ದೇವದಾರು ಮರದ ತೆಳು ಹಲಗೆ, ಮೂಲೆಗೆ ತೂತು ಕೊರೆದ ಸೋಪಿನ ಡಬ್ಬಿ, ಅದರೊಳಗೆ ಒದ್ದೆ ಸ್ಪಂಜು, ಪಕ್ಕದಲ್ಲಿ ಗಡಿಯಾರದ ಹಾಗೆ ತೇವದ ಅಂಕಿ ತೋರಿಸುವ ಪುಟ್ಟ ಮುಳ್ಳು. ಮುಳ್ಳು ಅರವತ್ತೈದರಿಂದ ಎಪ್ಪತ್ತರೊಳಗೆ ಇರಬೇಕು. ಮೇಲೆ ಹೋದರೆ ಬೂಷ್ಟು, ಕೆಳಗೆ ಹೋದರೆ ಎಲೆ ಒಣಗಿ ಪುಡಿ. “ಹೊಸ ಸಿಗಾರು ಹೊಸ ಅಳಿಯನ ಥರ, ನಾಲ್ಕು ವರ್ಷ ಸುಮ್ನೆ ಬಿಟ್ರೆ ತಾನಾಗೇ ಮೆತ್ತಗಾಗುತ್ತೆ” ಎನ್ನುತ್ತಿದ್ದಳು. ತಿಂಗಳಿಗೆ ಒಂದೇ ಒಂದು ಸೇದುತ್ತಿದ್ದಳು, ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು. ನನಗೆ ಆ ವಾಸನೆ ಆಗದು. ಮೂವತ್ತಮೂರು ವರ್ಷ ಮೂಗು ಮುರಿದೇ ಕಳೆದೆ.

ಇವತ್ತು ಬೂದಿಯಣ್ಣ ಬಂದಿದ್ದ. ಮೂಲೆಯಲ್ಲಿ ಸಿಗಾರು, ಬೀಡಿ ಅಂಗಡಿ ಇಟ್ಟಿರುವವನು. ಸದಾ ಅಂಗಿಯ ಮೇಲೆ ಬೂದಿ ಉದುರಿಸಿಕೊಂಡಿರುತ್ತಾನೆಂದು ಇವಳೇ ಇಟ್ಟ ಹೆಸರು. ತಿಂಗಳಾಯಿತು, ಡಬ್ಬ ತೆಗೆದು ಗಾಳಿ ಆಡಿಸದಿದ್ದರೆ ಎಲ್ಲ ಹಾಳಾಗುತ್ತದೆ ಎಂದ. ಅವನು ಹೋದ ಮೇಲೆ ಚಿಕ್ಕ ಕೋಣೆಯ ಕಪಾಟು ತೆರೆದು ಹಸಿರು, ಕೆಂಪು, ಬಿಳಿ, ಹಳದಿ ಮುಚ್ಚಳದ ನಾಲ್ಕನ್ನೂ ತೆಗೆದೆ. ಸ್ಪಂಜಿಗೆ ನೀರು ಹಾಕಿದೆ. ನೀಲಿಗೆ ಬಂದಾಗ ಕೈ ನಿಂತಿತು.

ಇವಳದೊಂದು ಕೆಟ್ಟ ಅಭ್ಯಾಸವಿತ್ತು. ಮುಚ್ಚಳ ಹಾಕುವ ಮುಂಚೆ ಡಬ್ಬದೊಳಕ್ಕೆ ಬಾಯಿ ತಂದು, ಕನ್ನಡಕ ಒರೆಸುವವರ ಹಾಗೆ ಒಂದು ಸಲ “ಹಾ” ಎಂದು ಉಸಿರು ಬಿಟ್ಟು, ತಟ್ಟನೆ ಮುಚ್ಚುತ್ತಿದ್ದಳು. ಅದು ತಪ್ಪು, ಬಾಯಿಯ ಉಸಿರಿನಿಂದ ಬೂಷ್ಟು ಬರುತ್ತದೆ ಎಂದು ಬೂದಿಯಣ್ಣ ಬಡಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರ್ಖಾನೆಯಲ್ಲಿ ಎಲೆ ಆರಿಸುವ ಹೆಂಗಸರೆಲ್ಲ ಎಲೆ ಮೆತ್ತಗಾಗಲೆಂದು ಹಾಗೆಯೇ ಮಾಡುತ್ತಿದ್ದರಂತೆ.

ಜನವರಿ ಎಂಟು, ಭಾನುವಾರ. ಆಸ್ಪತ್ರೆಗೆ ಹೋಗಲು ಕೆಳಗೆ ಟ್ಯಾಕ್ಸಿ ನಿಂತಿತ್ತು. ಇವಳ ಹೃದಯ ಪೂರ್ತಿ ದಣಿದಿದೆ ಎಂದಿದ್ದರು ಡಾಕ್ಟರು. ಬಾಗಿಲ ತನಕ ಬಂದವಳು, ಇವತ್ತು ಭಾನುವಾರ ಅಲ್ವಾ ಎಂದು ಗೋಡೆ ಹಿಡಿದುಕೊಂಡು ಕಪಾಟಿನ ಹತ್ತಿರ ಹೋದಳು. ಒಂದನ್ನು ತೆಗೆಯುವಷ್ಟೇ ಶಕ್ತಿ ಇತ್ತು. ಉಸಿರು ಬಿಡಲು ಎರಡು ಸಲ ಬಾಯಿ ತೆರೆದಳು, ಎರಡನೇ ಸಲ ಬಂತು. ನಾನು ಬಾಗಿಲಲ್ಲಿ ನಿಂತು ಗದರಿದೆ. “ನಿನಗೇ ಉಸಿರಿಲ್ಲ, ಅದಕ್ಕೆ ಯಾಕೆ ದಾನ ಮಾಡ್ತಿದ್ದೀಯ? ಟ್ಯಾಕ್ಸಿಯವನು ಹಾರ್ನ್ ಹೊಡೀತಿದ್ದಾನೆ.” “ಆಯ್ತು ರೀ, ಆಯ್ತು” ಎಂದು ಮುಚ್ಚಳ ಒತ್ತಿದಳು. ಈ ಮನೆಯಲ್ಲಿ ನಾನು ಅವಳಿಗೆ ಆಡಿದ ಕೊನೆಯ ಮಾತು ಅದು.

ಆ ಉಸಿರು ಇನ್ನೂ ಅದರೊಳಗಿದೆ. ಬೇರೆಲ್ಲ ಹೋಯಿತು, ಅದೊಂದಿದೆ. ನಾನು ತೆಗೆಯುವುದಿಲ್ಲ, ಯಾರಿಗೂ ತೆಗೆಯಲು ಬಿಡುವುದಿಲ್ಲ. ಅವಳಿಗೆ ಮನೆಯಲ್ಲಿ ಡ್ರಿಪ್ ಹಾಕಿದಾಗ ತಂದಿದ್ದ ಬಿಳಿ ಪೇಪರ್ ಟೇಪಿನ ಸುರುಳಿ ಡ್ರಾಯರಿನಲ್ಲಿತ್ತು. ಮುಚ್ಚಳದ ಸುತ್ತ ಅದನ್ನು ಅಂಟಿಸಿ, ಟೇಪಿನ ಮೇಲೆ ನನ್ನ ಸಹಿ ಹಾಕಿದೆ. ನಲವತ್ತು ವರ್ಷ ಊರಿನವರ ಬಾಗಿಲಿಗೆಲ್ಲ ಬೀಗ ಹಾಕಿದ್ದೇನೆ. ಇಷ್ಟು ಮನಸ್ಸಿಟ್ಟು ಯಾವುದನ್ನೂ ಮುಚ್ಚಿರಲಿಲ್ಲ.

ಫೆಬ್ರವರಿ ೮, ಬುಧವಾರ

ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಗಿರಾಕಿ ಇವತ್ತು ಮೂವರು. ಕೆಲಸ ಇದ್ದರೆ ಸರಿ. ಮನೆಗೆ ಬಂದು ನೋಡಿದೆ. ಪ್ಲಾಸ್ಟಿಕ್ಕಿನ ಮೂಲಕ ಮುಳ್ಳು ಕಾಣುತ್ತದೆ. ಅರವತ್ತಾರು.

ಫೆಬ್ರವರಿ ೧೨, ಭಾನುವಾರ

ಮಗಳು ಬಂದಿದ್ದಳು. ದೊಡ್ಡಾಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿಕೊಂಡು ಎರಡು ಬಸ್ಸು ಬದಲಿಸಿ ಬರುತ್ತಾಳೆ. ಬಂದವಳೇ ಪಾತ್ರೆ ತೊಳೆದಳು, ಒಗೆಯುವ ಬಟ್ಟೆ ಬೇರೆ ಮಾಡಿದಳು, ಅವಳಮ್ಮನ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ವಾರ್ಡಿನಲ್ಲಿ ಮಂಚ ಖಾಲಿ ಮಾಡುವವರ ಹಾಗೆ. ತಾಯಿ ಹೋದ ದಿನವೂ ಇವಳು ಅಳಲಿಲ್ಲ. ಡ್ರಿಪ್ಪಿನ ಕೊಳವೆ ಬಿಡಿಸಿ, ಕೈ ಒರೆಸಿ, ಹೊದಿಕೆ ಸರಿಮಾಡಿದಳು. ಯಾರ ಹೊಟ್ಟೆಯಲ್ಲಿ ಹುಟ್ಟಿದಳೋ ಎನಿಸಿತ್ತು.

ನೀಲಿ ಡಬ್ಬದ ವಿಷಯ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. “ಅಮ್ಮ ಅವತ್ತು ಉಸಿರು ಬಿಟ್ಟಿದ್ದು ನಿಜಾನಾ ಅಪ್ಪಾ?” ಎಂದಳು. ನಿಜ ಎಂದೆ. ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ ಚಿಕ್ಕ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು, ಫೋನಿನಲ್ಲಿ ಮಾತಾಡುತ್ತಿದ್ದಳಂತೆ. ಆಮೇಲೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ. ನೀರು ಅಂದರೆ ಇವಳಿಗೆ ಲೆಕ್ಕವೇ ಇಲ್ಲ.

ಮಾರ್ಚ್ ೫, ಭಾನುವಾರ

ಹಸಿರು ಡಬ್ಬದಲ್ಲಿ ಬೂಷ್ಟು ಬಂದಿದೆ. ಮೊದಲು ಬಿಳಿ ಹುಡಿಯ ಹಾಗಿತ್ತು, ಹಳೆಯ ಸಿಗಾರಿನ ಮೇಲೆ ಎಣ್ಣೆಯಂಶ ಹೀಗೆ ಉಬ್ಬಿ ಬರುತ್ತದೆ, ಅದು ಒಳ್ಳೆಯ ಲಕ್ಷಣ ಎಂದು ಇವಳು ಹೇಳುತ್ತಿದ್ದದ್ದು ನೆನಪಿತ್ತು. ಖುಷಿಯಿಂದ ಬೂದಿಯಣ್ಣನನ್ನು ಕರೆದು ತೋರಿಸಿದೆ. ಅವನು ಬೆರಳಿನಿಂದ ಒರೆಸಿ ನೋಡಿದ.

“ಆ ಹುಡಿ ಒರೆಸಿದ್ರೆ ಹೋಗುತ್ತೆ. ಇದು ನೋಡು, ಕೂದಲು ಇದ್ದ ಹಾಗಿದೆ, ಕೆಳಗೆ ಕಲೆ ಬೇರೆ. ಯಾವ ನೀರು ಹಾಕಿದೆ?”

“ನಲ್ಲಿ ನೀರು.”

“ನಲ್ಲಿ ನೀರು ಹಾಕೋದಾ? ಬ್ಯಾಟರಿಗೆ ಹಾಕ್ತಾರಲ್ಲ, ಡಿಸ್ಟಿಲ್ಡ್ ವಾಟರ್, ಅದು ಹಾಕ್ಬೇಕು. ಅದೂ ಎಷ್ಟು? ಸ್ಪಂಜು ಹಿಂಡಿ ಇಡ್ಬೇಕು, ತೊಟ್ಟಿಕ್ಕಬಾರದು. ನಿನ್ನ ಹೆಂಡ್ತಿ ಇದ್ದಿದ್ರೆ ನಿನ್ನ ಸುಮ್ನೆ ಬಿಡ್ತಿರ್ಲಿಲ್ಲ.”

ಇದ್ದಿದ್ದರೆ. ಹದಿನಾಲ್ಕು ಸಿಗಾರು ಎಸೆಯಬೇಕಾಯಿತು. ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಆರು ವರ್ಷ ಅವಳು ಸಾಕಿದ್ದನ್ನು ನಾನು ಒಂದು ತಿಂಗಳಲ್ಲಿ ಕೊಂದೆ. ಅಡುಗೆಮನೆಯ ನೆಲದ ಮೇಲೆ ಕೂತು ತುಂಬ ಹೊತ್ತು ಅತ್ತೆ. ಮೊಣಕಾಲು ಹಿಡಿದುಕೊಂಡಿದ್ದರಿಂದ ಏಳಲು ಕುರ್ಚಿ ಹಿಡಿಯಬೇಕಾಯಿತು.

ಮಗಳು ಬಂದಾಗ ಹೇಳಿದೆ. ಉಳಿದ ಮೂರಕ್ಕೂ ಸ್ಪಂಜು ಬದಲಿಸಿಕೊಟ್ಟಳು. ಡಿಸ್ಟಿಲ್ಡ್ ವಾಟರಿನ ಬಾಟಲಿ ಅವಳ ಚೀಲದಲ್ಲೇ ಇತ್ತು. ನರ್ಸುಗಳ ಚೀಲದಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ಹೇಳುವುದು ಕಷ್ಟ.

ಮಾರ್ಚ್ ೧೯, ಭಾನುವಾರ

ಬರೆದಿಡಲೇಬೇಕು. ಉಳಿದ ಮೂರು ಡಬ್ಬಕ್ಕೆ ನೀರು ಹಾಕುವುದು ಒಂದು ವಾರ ತಪ್ಪಿದರೆ ಮುಳ್ಳು ಎರಡು ಅಂಕಿ ಇಳಿಯುತ್ತದೆ. ನೀಲಿಗೆ ಜನವರಿ ಎಂಟರಿಂದ ಯಾರೂ ಒಂದು ಹನಿ ಹಾಕಿಲ್ಲ. ಇವತ್ತಿಗೆ ಹತ್ತು ವಾರ. ಮುಳ್ಳು ಅರವತ್ತೇಳು. ಕೂದಲೆಳೆಯಷ್ಟೂ ಇಳಿದಿಲ್ಲ.

ಬೂದಿಯಣ್ಣನಿಗೆ ತೋರಿಸಿದೆ. ಬಗ್ಗಿ ನೋಡಿದ, ಡಬ್ಬವನ್ನು ಬೆರಳಿನಿಂದ ತಟ್ಟಿದ.

“ಮುಳ್ಳು ಕೆಟ್ಟಿರ್ಬೇಕು.”

“ಹಿಂದಿನ ವಾರ ಅರವತ್ತಾರು, ಈಗ ಅರವತ್ತೇಳು. ಕೆಟ್ಟಿದ್ರೆ ಹೀಗೆ ಆಡುತ್ತಾ?”

“ಅದೇ ನಂಗೂ ಅರ್ಥ ಆಗ್ತಿಲ್ಲ. ಎಷ್ಟೇ ಗಟ್ಟಿಯಾಗಿ ಮುಚ್ಚಿದ್ರೂ ಸ್ಪಂಜು ಇಷ್ಟು ದಿನ ತಡೆಯಲ್ಲ.”

ಸ್ಪಂಜು ತಡೆಯುವುದಿಲ್ಲ, ಅವಳು ತಡೆಯುತ್ತಾಳೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ಬಾಗಿಲು ತಾನಾಗಿ ತೆರೆದುಕೊಂಡಿತು ಎನ್ನುವವರ ಮನೆಗೆ ಹೋಗಿ ಸವೆದ ಚಿಲಕ ತೋರಿಸಿ ಬಂದವನು. ಆದರೆ ಇದನ್ನು ಕಣ್ಣಾರೆ ನೋಡುತ್ತಿದ್ದೇನಲ್ಲ. ಟೇಪು ಕೂಡ ಅಂಟಿಸಿದ ದಿನದ ಹಾಗೇ ಬೆಳ್ಳಗಿದೆ. ಅಂಗಡಿಯ ಗಾಜಿಗೆ ನಾನೇ ಅಂಟಿಸಿದ ಇದೇ ಟೇಪು ಆಗಲೇ ಹಳದಿಯಾಗಿದೆ.

ಮಾರ್ಚ್ ೨೭, ಸೋಮವಾರ

ಅಂಗಡಿಗೆ ಹೋಗುವ ಮುಂಚೆ ಕಪಾಟು ತೆರೆದು, “ಬರ್ತೀನಿ” ಎಂದೆ. ಬಂದ ಮೇಲೆ, “ಬಂದೆ” ಎಂದೆ. ಹುಚ್ಚು ಎಂದರೆ ಎನ್ನಲಿ. ಇವತ್ತು ಹೊಟ್ಟೆ ತುಂಬ ಊಟ ಮಾಡಿದೆ. ಅವತ್ತು ಗದರಿದ್ದಕ್ಕೆ ತಪ್ಪಾಯಿತು ಎಂದು ಕೂಡ ಹೇಳಿದೆ. ಟ್ಯಾಕ್ಸಿಯವನು ಐದು ನಿಮಿಷ ಕಾದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅವಳಿಗೆ ನಾನೇ ಕೇಳಿದೆ. ಅವಳು ಇನ್ನೂ ಇಲ್ಲೇ ಇದ್ದಾಳೆ, ಡಬ್ಬ ಮುಚ್ಚಿರುವ ತನಕ ಇರುತ್ತಾಳೆ.

ಏಪ್ರಿಲ್ ೯, ಭಾನುವಾರ

ಜಗಳವಾಯಿತು.

ಊಟವಾದ ಮೇಲೆ ಮಗಳು ಚಿಕ್ಕ ಕೋಣೆಯಿಂದ ಬಂದು ನನ್ನೆದುರು ಕೂತಳು. ಕೈ ಒದ್ದೆ ಇತ್ತು, ಉಡುಪಿಗೆ ಒರೆಸಿಕೊಂಡಳು.

“ಅಪ್ಪಾ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ. ಆ ನೀಲಿ ಡಬ್ಬ ತೆಗೆದುಬಿಡೋಣ. ಇಬ್ರೂ ಇದ್ದಾಗ. ಇವತ್ತೇ.”

“ಯಾಕೆ?”

“ನೀನು ಅದರ ಜೊತೆ ಮಾತಾಡ್ತೀಯ. ಕೆಳಗಿನ ಮನೆಯವರಿಗೆ ಕೇಳಿಸುತ್ತಂತೆ.”

“ಅವರಪ್ಪನ ಮನೆ ಗಂಟೇನು ಹೋಯ್ತು?”

“ಅದಕ್ಕಲ್ಲಪ್ಪ. ನೀನು ಹೀಗೆ ಅದನ್ನೇ ಕಾಯ್ಕೊಂಡು ಕೂತ್ರೆ ಹೇಗೆ? ಅದ್ರಲ್ಲಿ ಏನಿದೆ ಅಂತ…” ಎಂದು ಅರ್ಧಕ್ಕೇ ನಿಲ್ಲಿಸಿದಳು.

ಆಮೇಲೆ ನಾನು ನಾಲಿಗೆ ಹರಿಬಿಟ್ಟೆ. ನಿನಗೆ ಅದರಲ್ಲಿ ಏನಿದೆ ಅಂತ ಹೇಗೆ ಗೊತ್ತಾಗಬೇಕು ಎಂದೆ. ದಿನಕ್ಕೆ ನಾಲ್ಕು ಹೆಣ ನೋಡುವವಳಿಗೆ ತಾಯಿಯೂ ಒಂದು ಮಂಚದ ನಂಬರು ಎಂದೆ. “ನಿನ್ನ ಕಣ್ಣಲ್ಲಿ ಒಂದು ಹನಿ ನೀರು ಬರ್ಲಿಲ್ಲ. ಕಲ್ಲು ನೀನು. ನಾನು ಸತ್ತಾಗ್ಲೂ ಹೀಗೇ ಹೊದಿಕೆ ಸರಿ ಮಾಡಿ ಹೋಗು.”

ಅವಳು ಎದ್ದಳು. ಲೋಟ ತೊಳೆದಿಟ್ಟಳು. ಚೀಲ ತೆಗೆದುಕೊಂಡು ಬಾಗಿಲ ಹತ್ತಿರ ಹೋಗಿ, “ಬಿಪಿ ಮಾತ್ರೆ ರಾತ್ರಿ ಅಲ್ಲ, ಬೆಳಿಗ್ಗೆ ತಗೋ” ಎಂದು ಹೋದಳು. ಹೋಗಲಿ. ನಾನು ಹೇಳಿದ್ದರಲ್ಲಿ ಸುಳ್ಳೇನಿದೆ?

ಏಪ್ರಿಲ್ ೧೬, ಭಾನುವಾರ

ಬರಲಿಲ್ಲ. ನೆಮ್ಮದಿಯಾಗಿದೆ. ಪಾತ್ರೆ ನಾನೇ ತೊಳೆದೆ. ಒಂದು ಗಾಜಿನ ಲೋಟ ಒಡೆಯಿತು. ನೀಲಿ ಅರವತ್ತೇಳು.

ಏಪ್ರಿಲ್ ೨೩, ಭಾನುವಾರ

ಬರಲಿಲ್ಲ. ಮೂರು ಗಂಟೆಯ ಬಸ್ಸು ಬಂದು ಹೋಗುವ ತನಕ ಕಿಟಕಿಯಲ್ಲಿ ನಿಂತಿದ್ದೆ, ಬೇರೆ ಕೆಲಸವಿರಲಿಲ್ಲವೆಂದು. ನೀಲಿ ಅರವತ್ತೈದು. ಸೆಖೆಗೆ ಇರಬಹುದು.

ಏಪ್ರಿಲ್ ೩೦, ಭಾನುವಾರ

ಅರವತ್ತೆರಡು.

ಮೂರು ಸಲ ನೋಡಿದೆ, ಕನ್ನಡಕ ಒರೆಸಿಕೊಂಡು ನೋಡಿದೆ. ಅರವತ್ತೆರಡೇ. ಟೇಪಿನ ಮೇಲೆ ಇನ್ನೊಂದು ಸುತ್ತು ಟೇಪು ಹಾಕಿದೆ. ಎಲ್ಲಿಂದಲೋ ಸೋರುತ್ತಿದೆ. ಸಾಬೂನಿನ ನೀರು ಸವರಿ ಗುಳ್ಳೆ ಬರುತ್ತದೆಯೇ ಎಂದು ನೋಡಿದೆ, ಗ್ಯಾಸಿನವರು ನೋಡುವ ಹಾಗೆ. ಏನೂ ಕಾಣಲಿಲ್ಲ.

ಮೇ ೩, ಬುಧವಾರ

ಅಂಗಡಿ ತೆರೆಯಲಿಲ್ಲ. ಡಬ್ಬದ ಸುತ್ತ ಒದ್ದೆ ಬಟ್ಟೆ ಸುತ್ತಿ ಪಕ್ಕದಲ್ಲೇ ಕೂತಿದ್ದೆ. ಆಸ್ಪತ್ರೆಯಲ್ಲೂ ಹೀಗೆಯೇ ಕೂತಿದ್ದೆ. ಅಲ್ಲಿಯೂ ಒಂದು ಯಂತ್ರದಲ್ಲಿ ಅಂಕಿ ಇಳಿಯುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಅವಳ ಮುಖ ನೋಡಬೇಕಿತ್ತು, ಅಂಕಿ ನೋಡಿದೆ.

ಅರವತ್ತು. ಅವಳು ಎರಡನೇ ಸಲ ಹೋಗುತ್ತಿದ್ದಾಳೆ, ನಾನು ಎರಡನೇ ಸಲವೂ ಸುಮ್ಮನೆ ಕೂತಿದ್ದೇನೆ.

ಮಗಳಿಗೆ ಫೋನ್ ಮಾಡೋಣ ಎಂದುಕೊಂಡೆ. ಏನೆಂದು ಮಾಡುವುದು?

ಮೇ ೭, ಭಾನುವಾರ

ನಾಲ್ಕು ದಿನದಿಂದ ಅಂಗಡಿ ಮುಚ್ಚಿರುವುದನ್ನು ನೋಡಿ ಬೂದಿಯಣ್ಣ ಬಂದ. ಒದ್ದೆ ಬಟ್ಟೆ ಸುತ್ತಿದ ಡಬ್ಬ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. ನಾನು ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ಉಸಿರು, ಟೇಪು, ಸಹಿ, ಮುಳ್ಳು, ಎಲ್ಲ. ಅವನು ನಗಲಿಲ್ಲ. ಜೇಬಿನಿಂದ ಅರ್ಧ ಸೇದಿದ ಸಿಗಾರು ತೆಗೆದು, ಮತ್ತೆ ಜೇಬಿಗೇ ಹಾಕಿಕೊಂಡ.

“ಒಂದು ಮಾತು ಹೇಳ್ಲಾ? ಇದು ಸ್ಪಂಜು ಒಣಗ್ತಿರೋದು, ಅಷ್ಟೇ. ಈಗ ಹೇಗೆ ಇಳೀತಿದೆಯೋ, ನೀರು ಹಾಕದೇ ಇದ್ದಿದ್ರೆ ಫೆಬ್ರವರಿಯಲ್ಲೇ ಹೀಗೇ ಇಳೀಬೇಕಿತ್ತು. ಈಗ ಯಾಕೆ ಇಳೀತು ಅಂತ ಕೇಳ್ಬೇಡ. ಇಷ್ಟು ದಿನ ಯಾಕೆ ಇಳೀಲಿಲ್ಲ, ಅದು ಕೇಳು. ಯಾರು ನೀರು ಹಾಕ್ತಿದ್ರು?”

“ಯಾರೂ ಇಲ್ಲ. ಟೇಪ್ ಮೇಲೆ ನನ್ನ ಸಹಿ ಇದೆ.”

“ಮನೆಗೆ ಯಾರು ಬರ್ತಾರೆ?”

“ನೀನು. ಮಗಳು.”

“ನಾನಂತೂ ಅಲ್ಲ” ಎಂದು ಎದ್ದು ಹೋದ.

ಅವನು ಹೋದ ಮೇಲೆ ಒದ್ದೆ ಬಟ್ಟೆ ಬಿಚ್ಚಿ, ನಾನು ಮೇಲೆ ಹಾಕಿದ್ದ ಟೇಪು ಕಿತ್ತು, ಕೆಳಗಿನ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ಸಹಿಯೇ, ಆದರೆ ಬಾಲ ತುಂಬ ನೀಟಾಗಿದೆ. ನಾನು ಆ ಬಾಲವನ್ನು ಎಳೆದು ಬಿಡುತ್ತೇನೆ, ಇದನ್ನು ಬರೆದವರು ತಿದ್ದಿ ಬರೆದಿದ್ದಾರೆ. ಏಳನೇ ಕ್ಲಾಸಿನಲ್ಲಿ ಗಣಿತದಲ್ಲಿ ನಪಾಸಾದಾಗ ಪ್ರೋಗ್ರೆಸ್ ಕಾರ್ಡಿನಲ್ಲಿ ಇದೇ ಬಾಲ ಬರೆದು ಸಿಕ್ಕಿಬಿದ್ದವಳು ಒಬ್ಬಳೇ.

ಮೈಯೆಲ್ಲ ಉರಿದುಹೋಯಿತು. ಯಾವಾಗ ತೆಗೆದಳೋ, ಎಷ್ಟು ಸಲ ತೆಗೆದಳೋ. ನಾನು “ಬರ್ತೀನಿ”, “ಬಂದೆ” ಎಂದದ್ದೆಲ್ಲ ಖಾಲಿ ಡಬ್ಬಕ್ಕೆ. ತಪ್ಪಾಯಿತು ಎಂದದ್ದೂ ಅದಕ್ಕೇ. ಇದಕ್ಕಿಂತ ನನ್ನ ಎದೆಗೆ ಒದ್ದಿದ್ದರೆ ಚೆನ್ನಾಗಿತ್ತು. ನಾಳೆ ಹೋಗುತ್ತೇನೆ, ಅವಳ ಮುಖ ನೋಡಿ ಕೇಳುತ್ತೇನೆ, ಅಲ್ಲಿಗೆ ಈ ಮಗಳ ಋಣವೂ ಮುಗಿಯಿತು.

ಮೇ ೮, ಸೋಮವಾರ

ಎರಡು ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ಆ ಕಟ್ಟಡಕ್ಕೆ ಮತ್ತೆ ಕಾಲಿಡುವುದಿಲ್ಲ ಎಂದುಕೊಂಡಿದ್ದೆ. ಇವಳು ದಿನಾ ಅದೇ ಬಾಗಿಲಿನಿಂದ ಒಳಗೆ ಹೋಗಬೇಕು, ತಾಯಿ ಸತ್ತ ವಾರ್ಡಿನ ಮುಂದೆಯೇ ಓಡಾಡಬೇಕು. ಅದು ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಲಿಫ್ಟಿನಲ್ಲಿ ಹೊಳೆಯಿತು.

ನರ್ಸುಗಳು ಊಟಕ್ಕೆ ಕೂರುವ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಕಾಲು ಚಾಚಿದ್ದಳು, ಅವಳಮ್ಮನ ಹಾಗೆಯೇ. ಊಟದ ಡಬ್ಬಿ ತೆರೆದಿತ್ತು, ಕೈ ಹಾಕಿರಲಿಲ್ಲ. ತುಂಬ ಇಳಿದುಹೋಗಿದ್ದಾಳೆ. ನನ್ನನ್ನು ನೋಡಿ ಎದ್ದು ನಿಂತಳು.

“ಏನಾಯ್ತಪ್ಪಾ? ಬಿಪಿ ಜಾಸ್ತಿ ಆಯ್ತಾ?”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. “ಮುಳ್ಳು ಐವತ್ತೇಳಕ್ಕೆ ಬಂದಿದೆ” ಎಂದೆ.

ಅವಳು ನಿಧಾನಕ್ಕೆ ಕೂತಳು. ನಾನೂ ಕೂತೆ.

“ನಾಲ್ಕು ವಾರ ಆಯ್ತಲ್ಲ, ನಾನು ಬಂದು” ಎಂದಳು.

“ಯಾವಾಗಿಂದ ತೆಗೀತಿದ್ದೆ?”

“ನೀನು ಟೇಪ್ ಹಾಕಿದ ಮುಂದಿನ ಭಾನುವಾರದಿಂದ. ನೀನು ಹಾಲು ತರೋಕೆ ಹೋಗಿದ್ದೆ.”

“ಟೇಪ್ ಹರೀದೆ ಹೇಗೆ ಬಿಡಿಸಿದೆ?”

“ವಯಸ್ಸಾದವರ ಕೈಯಿಂದ ದಿನಾ ಬಿಡಿಸ್ತೀನಲ್ಲಪ್ಪ. ಸ್ವಲ್ಪ ಬಿಸಿನೀರು ಹಚ್ಚಿದ್ರೆ ನೋವಾಗದ ಹಾಗೆ ಬರುತ್ತೆ. ಆಮೇಲೆ ಹೊಸದು ಹಾಕಿ ನಿನ್ನ ಸಹಿ ಮಾಡ್ದೆ.”

“ಯಾಕೆ ತೆಗೆದೆ?” ಎಂದೆ. ಕೋಪದಿಂದ ಕೇಳಬೇಕೆಂದುಕೊಂಡಿದ್ದೆ, ಮಾತು ಮೆತ್ತಗೆ ಬಂತು.

“ನಂಗೂ ಅಮ್ಮ ಬೇಕಿತ್ತು.”

ಕೆಳಗಿನ ಮೆಟ್ಟಿಲಲ್ಲಿ ಯಾರೋ ಬಕೆಟ್ಟು ಹಿಡಿದುಕೊಂಡು ಇಳಿದುಹೋದರು.

“ನೀನು ದಿನಾ ಹೊರಗಿಂದ ನೋಡ್ತಿದ್ದೆ” ಎಂದಳು. “ನಂಗೆ ಒಂದೇ ಒಂದು ಸಲ ಸಾಕು ಅನ್ನಿಸ್ತು. ಮುಚ್ಚಳ ಸ್ವಲ್ಪ ಎತ್ತಿ, ಮುಖ ಇಟ್ಟು, ಜೋರಾಗಿ ಉಸಿರು ಎಳ್ಕೊಂಡೆ. ಎಲೆ ವಾಸನೆ ಬಂತು. ಅದರ ಜೊತೆ ಇನ್ನೇನೋ ಇತ್ತೋ ಇಲ್ವೋ ಗೊತ್ತಾಗ್ಲಿಲ್ಲ. ಗೊತ್ತಾಗ್ಲಿಲ್ಲ ಅಂತ ಇನ್ನೊಂದು ಸಲ ಎಳ್ಕೊಂಡೆ. ಆಗ ಏನೂ ಇರ್ಲಿಲ್ಲ. ಬರೀ ಎಲೆ.”

“ಹೇಳ್ಬಹುದಿತ್ತಲ್ಲ.”

“ಏನಂತ ಹೇಳ್ಲಿ? ದಿನಾ ಆಕ್ಸಿಜನ್ ಹಾಕೋಳು ನಾನು. ಉಸಿರು ಡಬ್ಬದಲ್ಲಿ ಉಳಿಯಲ್ಲ ಅಂತ ನಂಗೆ ಗೊತ್ತು. ಆದ್ರೂ ಅವತ್ತಿಂದ ಒಂದೇ ಯೋಚನೆ. ಇದ್ದಿದ್ದೇ ಒಂದಾದ್ರೆ, ಅದನ್ನ ನಾನೇ ಎಳ್ಕೊಂಡು ಮುಗಿಸಿಬಿಟ್ಟೆ. ನಿನ್ನ ಪಾಲೂ ನಾನೇ ತಗೊಂಡ್ಬಿಟ್ಟೆ.” ಊಟದ ಡಬ್ಬಿಯ ಮುಚ್ಚಳ ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. “ಮುಳ್ಳಾದ್ರೂ ಅಲ್ಲೇ ಇರ್ಲಿ ಅಂತ ನೀರು ಹಾಕ್ತಾ ಬಂದೆ. ನೀನಾದ್ರೂ ಇದೆ ಅಂದ್ಕೊಂಡು ಇರು ಅಂತ. ಆಮೇಲೆ ನೀನು ಅದರ ಜೊತೆ ಮಾತಾಡೋಕೆ ಶುರು ಮಾಡ್ದೆ. ನಂಗೆ ತಡ್ಕೊಳ್ಳೋಕಾಗ್ಲಿಲ್ಲ.”

ಅಂದರೆ ಫೆಬ್ರವರಿಯಿಂದ ಈ ಹುಡುಗಿ ಪ್ರತಿ ಭಾನುವಾರ ಬಂದು, ಒಳಗೇನೂ ಇಲ್ಲ ಎಂದು ಗೊತ್ತಿದ್ದ ಡಬ್ಬ ತೆಗೆದು, ನನಗೋಸ್ಕರ ನೀರು ಹಾಕಿ, ಮುಚ್ಚಿ, ನನ್ನ ಸಹಿ ಮಾಡಿ, ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಮುಖ ತೊಳೆದುಕೊಂಡು ಬಂದು ನನಗೆ ಊಟ ಬಡಿಸಿದ್ದಾಳೆ. ನಾನು ಎದುರು ಕೂತು ಉಂಡಿದ್ದೇನೆ. ಉಂಡ ಮೇಲೆ ಕಲ್ಲು ಎಂದಿದ್ದೇನೆ.

ಅವಳ ಕೈ ಹಿಡಿದುಕೊಂಡೆ. ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು.

“ನೀನು ತಗೊಂಡಿದ್ದು ಒಳ್ಳೇದೇ ಆಯ್ತು” ಎಂದೆ. “ನನಗೆ ಅಂತ ಬಿಟ್ಟಿದ್ದಲ್ಲ ಅದು. ನಾನು ಅವಳನ್ನ ಗದರ್ತಾ ನಿಂತಿದ್ದೆ.”

ಆಗ ಅತ್ತಳು. ಆಸ್ಪತ್ರೆಯ ಬಟ್ಟೆಯಲ್ಲಿ, ತಲೆಯನ್ನು ನನ್ನ ಹೆಗಲಿಗೆ ಒತ್ತಿ, ಚಿಕ್ಕವಳಿದ್ದಾಗ ಬಿದ್ದು ಬಂದು ಅಳುತ್ತಿದ್ದ ಹಾಗೆ ಬಾಯಿಬಿಟ್ಟು ಅತ್ತಳು. ಮೇಲಿನ ಬಾಗಿಲು ತೆರೆದು ಯಾರೋ “ಸಿಸ್ಟರ್” ಎಂದು ಕರೆದು, ನಮ್ಮನ್ನು ನೋಡಿ ಬಾಗಿಲು ಮುಚ್ಚಿಕೊಂಡರು. ಊಟದ ಹೊತ್ತು ಮುಗಿಯುವ ತನಕ ಹಾಗೇ ಕೂತಿದ್ದೆವು. ಎದ್ದು ಹೋಗುವಾಗ, ಏನಾದರೂ ತಿಂದೆಯಾ ಎಂದು ಕೇಳಿ, ತನ್ನ ಡಬ್ಬಿ ನನ್ನ ಕೈಗೆ ಕೊಟ್ಟು ಹೋದಳು. ಅಲ್ಲೇ ಕೂತು ತಿಂದೆ. ಉಪ್ಪು ಜಾಸ್ತಿಯಾಗಿತ್ತು.

ಬರುವಾಗ ಬಸ್ಸಿನ ನಂಬರು ಕಣ್ಣಿಗೆ ಸರಿಯಾಗಿ ಕಾಣದೆ ಎರಡು ಬಸ್ಸು ತಪ್ಪಿಸಿಕೊಂಡೆ. ಮನೆಗೆ ಬಂದು ಚಿಕ್ಕ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ನಿಂತೆ, ಡಬ್ಬ ಮುಟ್ಟಲಿಲ್ಲ. ಮುಳ್ಳು ಇನ್ನೂ ಒಂದೆರಡು ಅಂಕಿ ಇಳಿಯಬಹುದು. ಭಾನುವಾರ ಅವಳಿಗೆ ಡ್ಯೂಟಿ ಇಲ್ಲವಂತೆ. ಇಬ್ಬರೂ ಇದ್ದಾಗ ತೆಗೆದರಾಯಿತು.